ವಿದ್ಯಾದಾನಿ ಜಮ್‌ಶೆಟ್‌ಜಿ ಟಾಟಾ

ವಿದ್ಯಾಲಯಕ್ಕೆ ಕಟ್ಟಡವನ್ನು ಕಟ್ಟಿಸಿಕೊಡುವುದು ಒಂದು ಬಗೆಯ ದಾನ. ಅಲ್ಲಿ ಪಾಠ ಹೇಳುವ ಗುರುವಿನ ಜೀವನೋಪಾಯಕ್ಕೆ ಶಾಶ್ವತವಾದ ಏರ್ಪಾಡು ಮಾಡುವುದು ಇನ್ನೊಂದು ಬಗೆಯದು. ಈ ಎರಡನೆಯ ದಾನ ಕನ್ನಡ ನಾಡಿಗೆ ಹೊಸದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂತೆ ಕಲ್ಯಾಣ ಕರ್ನಾಟಕಕ್ಕೆ ಸೇರಿದ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಚಾಲುಕ್ಯರ ದಂಡನಾಯಕನಾದ ಮಧುಸೂದನನು ಅಲ್ಲಿನ ಘಟಿಕಾಸ್ಥಾನದ ಉಪಾಧ್ಯಾಯರಿಗೂ ಗ್ರಂಥಭಂಡಾರವನ್ನು ನೋಡಿಕೊಳ್ಳುವ ಆರು ಮಂದಿಗೂ ಭೂಮಿಯನ್ನು ಬಿಟ್ಟುಕೊಟ್ಟನೆಂದು ಅದರಿಂದ ತಿಳಿದುಬರುತ್ತದೆ. ಎಂಟು ಶತಮಾನಗಳ ತರುವಾಯ ಅದೇ ಧರ್ಮವನ್ನು ಆಧುನಿಕ ವಿಜ್ಞಾನದ ಅಧ್ಯಾಪನಕ್ಕೆ ಅನ್ವಯಿಸಿದ ಮಹನೀಯರು ಜಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ.

ಟಾಟಾ ಅವರು 1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಪಾರಸಿ ಮನೆತನವೊಂದರಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿ, ತಂದೆಯವರ ವ್ಯಾಪಾರವನ್ನು ಸೇರಿದರು. 1877ರಲ್ಲಿ ನಾಗಪುರದಲ್ಲಿ ಅವರು ಆರಂಭಿಸಿದ ಎಂಪ್ರೆಸ್ ಗಿರಣಿಯು ಹೆಸರನ್ನೂ ಸಂಪತ್ತನ್ನೂ ತಂದಿತು. ದೇಶಾಂತರಗಳನ್ನು ಸುತ್ತಿದ ಅವರಿಗೆ, ಪಾಶ್ಚಾತ್ಯರ ಏಳಿಗೆಗೆ ವಿಜ್ಞಾನವೇ ಮೂಲವೆಂಬುದು ಮನದಟ್ಟಾಯಿತು. ಭಾರತೀಯ ವಿದ್ಯಾರ್ಥಿಗಳು ವಿದೇಶಗಳಲ್ಲಿ ಉನ್ನತ ವ್ಯಾಸಂಗ ಮಾಡಲೆಂದು 1892ರಲ್ಲಿ ನಿಧಿಯೊಂದನ್ನು ಸ್ಥಾಪಿಸಿದರು. ಆದರೆ ಹೊರಗೆ ಹೋಗಬಲ್ಲವರು ಕೆಲವರು ಮಾತ್ರ. ಶ್ರೇಷ್ಠ ಅಧ್ಯಾಪಕರು ಈ ನೆಲದಲ್ಲಿಯೇ ನೆಲೆಸಿ ಸಂಶೋಧನೆ ನಡೆಸಬೇಕೆಂಬುದು ಅವರ ಹಂಬಲವಾಗಿತ್ತು.

1898ರಲ್ಲಿ ಅವರು ಇದಕ್ಕಾಗಿ ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನೂ ಭೂಮಿಯನ್ನೂ ನೀಡಲು ಮುಂದಾದರು. ಆ ಆಸ್ತಿಯ ಬೆಲೆ ಸುಮಾರು 30 ಲಕ್ಷ ರೂಪಾಯಿ. ಅದು ಅವರ ಸಂಪತ್ತಿನ ಅರ್ಧದಷ್ಟಾಗಿತ್ತು. ಅದರ ಮರ್ಮವನ್ನು ನಾವು ಗಮನಿಸಬೇಕು. ಕೈಗಿತ್ತ ಹಣ ಒಮ್ಮೆ ಖರ್ಚಾದರೆ ಮುಗಿಯಿತು. ಆಸ್ತಿಯಾದರೋ ಉಳಿದುಕೊಂಡು, ವರ್ಷವರ್ಷವೂ ಸುಮಾರು ಒಂದೂಕಾಲು ಲಕ್ಷ ರೂಪಾಯಿಗಳ ಆದಾಯವನ್ನು ಕೊಡುತ್ತದೆ. ಪ್ರಾಧ್ಯಾಪಕರ ವೇತನಕ್ಕೂ ಪ್ರಯೋಗಶಾಲೆಯ ವೆಚ್ಚಕ್ಕೂ ಬೇಕಾದದ್ದು ಇಂತಹ ಬತ್ತದ ಸೆಲೆ.

ಆದರೆ ಹಾದಿ ಸುಗಮವಾಗಿರಲಿಲ್ಲ. ಇಷ್ಟು ಉನ್ನತ ವಿದ್ಯೆಗೆ ವಿದ್ಯಾರ್ಥಿಗಳು ದೊರೆಯುವರೇ, ಕಲಿತವರಿಗೆ ಉದ್ಯೋಗವೆಲ್ಲಿ ಎಂದು ವೈಸರಾಯ್ ಕರ್ಜನ್ ಸಂದೇಹಪಟ್ಟರು. ಪರಿಶೀಲನೆಗೆ ಬಂದ ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಅವರು ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನೂ ಧನಸಹಾಯವನ್ನೂ ನೀಡಿತು. ಆದರೂ ಸರ್ಕಾರದ ಒಪ್ಪಿಗೆಗಾಗಿ ವರ್ಷಗಳು ಉರುಳಿದವು. ಟಾಟಾ ಅವರು ತಮ್ಮ ಕನಸು ನನಸಾಗುವುದನ್ನು ಕಾಣದೆ, 1904ರ ಮೇ 19ರಂದು ಜರ್ಮನಿಯಲ್ಲಿ ನಿಧನರಾದರು.

ದಾತನೇ ಇಲ್ಲವಾದಾಗ ದಾನವೂ ನಿಂತುಹೋಗಬಹುದಾಗಿತ್ತು. ಆದರೆ ಮಕ್ಕಳಾದ ದೊರಾಬ್‌ಜಿ ಮತ್ತು ರತನ್‌ಜಿ ತಂದೆಯ ಸಂಕಲ್ಪವನ್ನು ಋಣವೆಂದೇ ಭಾವಿಸಿ ಆಸ್ತಿಯನ್ನು ಒಪ್ಪಿಸಿದರು. 1909ರ ಮೇ 27ರಂದು ಭಾರತೀಯ ವಿಜ್ಞಾನ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಮಾರಿಸ್ ಟ್ರಾವರ್ಸ್ ಅದರ ಮೊದಲ ನಿರ್ದೇಶಕರಾದರು. 1911ರಲ್ಲಿ ರಸಾಯನಶಾಸ್ತ್ರ ಹಾಗೂ ವಿದ್ಯುತ್ ತಂತ್ರಶಾಸ್ತ್ರ ವಿಭಾಗಗಳಲ್ಲಿ ವಿದ್ಯಾರ್ಥಿಗಳ ಪ್ರವೇಶ ಆರಂಭವಾಯಿತು. 1933ರಲ್ಲಿ ಸರ್ ಸಿ. ವಿ. ರಾಮನ್ ಅವರು ಈ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಕರ್ಜನ್ನರ ಸಂದೇಹಕ್ಕೆ ಕಾಲವೇ ಉತ್ತರ ನೀಡಿತು.

ಸಂಸ್ಥೆಯ ಹೆಸರಿನಲ್ಲಿ ಟಾಟಾ ಅವರ ಹೆಸರಿಲ್ಲ. ಆದರೂ ಬೆಂಗಳೂರಿನ ಜನ ಅದನ್ನು ಬಹುಕಾಲದಿಂದ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿದ್ದಾರೆ. ದಾನಿಗಳ ನಿಧಿಯಿಂದ ನಡೆಯುವ ಪ್ರಾಧ್ಯಾಪಕ ಪೀಠಗಳು ಇಂದಿಗೂ ಅಲ್ಲಿವೆ. ತಾನು ಕಾಣದ ಗುರುಗಳಿಗೆ ನೆಲೆಯನ್ನೂ, ತಾನು ಅರಿಯದ ವಿದ್ಯಾರ್ಥಿಗಳಿಗೆ ಬೆಳಕನ್ನೂ ಒದಗಿಸಿದ ಆ ಪುಣ್ಯಜೀವಿಯ ಸ್ಮರಣೆ ನಮ್ಮೆಲ್ಲರ ಕರ್ತವ್ಯ.