ಡಾರ್ವಿನ್ನನ ಮನೆಯ ನಾಯಿಗಳು

ಚಾರ್ಲ್ಸ್ ಡಾರ್ವಿನ್ನನ ಹೆಸರು ಕೇಳಿದೊಡನೆ ನಮಗೆಲ್ಲ ನೆನಪಾಗುವುದು ಕೋತಿ. ಅದರ ಬೆನ್ನಿಗೇ, ನಗುವನ್ನೇ ಅರಿಯದವನಂತೆ ಕಾಣುವ ಬಿಳಿಗಡ್ಡದ ಮುದುಕನ ಚಿತ್ರ. ಆದರೆ ಆತನ ಜೀವನ ವೃತ್ತಾಂತವನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ಎದುರಾದದ್ದು ಕೋತಿಯಲ್ಲ, ನಾಯಿ.

ಡಾರ್ವಿನ್ನನು 1809ನೆಯ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ಬೇಟೆ, ನಾಯಿ, ಇಲಿ ಹಿಡಿಯುವುದು, ಇವಿಷ್ಟರ ಹೊರತು ಹುಡುಗನಿಗೆ ಬೇರೆ ಧ್ಯಾಸವೇ ಇಲ್ಲ, ಮನೆತನಕ್ಕೇ ಅಪಕೀರ್ತಿ ತರುತ್ತಾನೆ ಎಂದು ತಂದೆ ಒಮ್ಮೆ ಬೈದನಂತೆ. ಎಡಿನ್‌ಬರೋದ ವೈದ್ಯ ವ್ಯಾಸಂಗ ಅರ್ಧಕ್ಕೇ ನಿಂತಿತು. ಪಾದ್ರಿಯಾದರೂ ಆಗಲೆಂದು ಕೇಂಬ್ರಿಜ್ಜಿಗೆ ಕಳುಹಿಸಿದರು. 1831ರಲ್ಲಿ ಬಿ.ಎ. ಪದವಿ ಕೈಸೇರಿತು. (ಆತನೂ ಬಿ.ಎ.ಯೇ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ!) ಅದೇ ವರ್ಷದ ಕೊನೆಗೆ ಬೀಗಲ್ ಹಡಗನ್ನೇರಿ ಹೊರಟವನು ಮರಳಿದ್ದು 1836ರಲ್ಲಿ. ಮನೆಯಲ್ಲಿ, ಅಪರಿಚಿತರನ್ನು ಹತ್ತಿರ ಸೇರಿಸದ ಆತನ ಸಿಡುಕು ನಾಯಿಯೊಂದಿತ್ತು. ಐದು ವರ್ಷಗಳ ಮೇಲೆ ಎರಡು ದಿನ ಕಳೆದಿದ್ದುವು. ಡಾರ್ವಿನ್ನನು ಲಾಯದ ಬಳಿ ನಿಂತು ಹಳೆಯ ರೀತಿಯಲ್ಲಿ ಕೂಗಿದನು. ನಾಯಿ ಕುಣಿಯಲಿಲ್ಲ, ಬೊಗಳಲಿಲ್ಲ; ಅರ್ಧ ಗಂಟೆಯ ಹಿಂದೆಯಷ್ಟೇ ಅಗಲಿದವರಂತೆ ಅವನ ಜೊತೆ ಸುಮ್ಮನೆ ನಡೆದುಬಿಟ್ಟಿತು. ಈ ಪರೀಕ್ಷೆಯನ್ನು ಆತ ಮರೆಯಲಿಲ್ಲ. 1871ರ ತನ್ನ ಗ್ರಂಥದಲ್ಲಿ ಪ್ರಾಣಿಗಳ ಜ್ಞಾಪಕಶಕ್ತಿಗೆ ಅದನ್ನೇ ಸಾಕ್ಷಿಯಾಗಿ ಬರೆದನು.

1842ರಿಂದ ಆತನ ವಾಸ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ. ಹತ್ತು ಮಕ್ಕಳಲ್ಲಿ ಮೂವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ದೇಹಸ್ಥಿತಿಯೂ ಸದಾ ಅಷ್ಟಕ್ಕಷ್ಟೆ. ಇಂಥ ಮನೆಯಲ್ಲಿ ನಗೆಯುಕ್ಕಿಸಿದವನು ಬಾಬ್ ಎಂಬ ದೊಡ್ಡ ನಾಯಿ. ವಾಯುವಿಹಾರಕ್ಕೆಂದು ಯಜಮಾನ ಹೊರಟರೆ ಬಾಬ್ ತಲೆಯೆತ್ತಿ, ಬಾಲವೆತ್ತಿ, ಗಂಭೀರವಾಗಿ ಮುಂದೆ ಹೆಜ್ಜೆಹಾಕುವನು. ದಾರಿಯಲ್ಲಿ ಬಲಕ್ಕೊಂದು ಕವಲು; ಅದು ಗಿಡ ಬೆಳೆಸುವ ಗಾಜಿನ ಮನೆಗೆ. ಯಜಮಾನನ ಮೈ ಅತ್ತ ತುಸು ವಾಲಿದರೆ ಸಾಕು, ಬಾಬ್‌ನ ತಲೆ, ಕಿವಿ, ಬಾಲ ಎಲ್ಲವೂ ಒಮ್ಮೆಗೇ ಜೋತುಬೀಳುತ್ತಿದ್ದುವು! ಮನೆಯವರು ಅದಕ್ಕೆ ಗಾಜುಮನೆ ಮೋರೆ ಎಂದೇ ಹೆಸರಿಟ್ಟಿದ್ದರು. 1872ರಲ್ಲಿ ಭಾವಪ್ರದರ್ಶನದ ಮೇಲೆ ಬರೆದ ಶಾಸ್ತ್ರಗ್ರಂಥದಲ್ಲಿ ಡಾರ್ವಿನ್ನನು ಈ ಮನೆಯ ತಮಾಷೆಯನ್ನು ಸಂಕೋಚವಿಲ್ಲದೆ ಸೇರಿಸಿದನು.

ಇನ್ನೊಂದು ನಾಯಿ, ಗಾಳಿಗೆ ಬಿಚ್ಚುಕೊಡೆ ಅಲುಗಿದಾಗಲೆಲ್ಲ ಅದರತ್ತ ಗುರ್ರೆಂದು ಬೊಗಳುತ್ತಿತ್ತು. ಕಾಣದ ಜೀವವೊಂದು ಅದನ್ನು ಅಲುಗಿಸುತ್ತಿದೆಯೆಂದು ನಾಯಿ ಊಹಿಸಿರಬೇಕೆಂದೂ, ಭೂತಪ್ರೇತಗಳ ನಂಬಿಕೆಯ ಮೂಲವೂ ಇಂಥದೇ ಇರಬಹುದೆಂದೂ ಆತ ಬರೆದನು. ಅಮಾವಾಸ್ಯೆಯ ರಾತ್ರಿ ಬಾಳೆಯೆಲೆ ಅಲುಗಿದರೆ ಬಾಗಿಲು ಭದ್ರಪಡಿಸುವ ನಮ್ಮೂರವರು ನನಗೆ ನೆನಪಾದರು. ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲಿಗ. ನಮ್ಮಲ್ಲಿ ನಾಯಿಗೆ ಹೊಲದ ಕಾವಲು, ಅಂಗಳದಲ್ಲಿ ಒಂದು ತುತ್ತು ಮುದ್ದೆ. ಹೊಸಿಲ ಒಳಗೆ ಅದಕ್ಕೆ ಪ್ರವೇಶವಿಲ್ಲ. ಅದಕ್ಕೂ ನಮಗೂ ಬುದ್ಧಿಯಲ್ಲಿ ನಂಟುಂಟೆಂದು ನಮ್ಮ ಅಜ್ಜಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಡಾರ್ವಿನ್ನನಾದರೋ ಅದನ್ನು ಇಡೀ ಇಂಗ್ಲೆಂಡಿಗೇ ಹೇಳಬೇಕಾಗಿತ್ತು.

ಕಡೆಗಾಲದ ಸಂಗಾತಿ ಪಾಲಿ, ಬಿಳಿಯ ಟೆರಿಯರ್ ಜಾತಿಯ ಹೆಣ್ಣು ನಾಯಿ. ಮಗಳು ಹೆನ್ರಿಯೆಟ್ಟಾ ಮದುವೆಯಾಗಿ ಹೋದ ಮೇಲೆ ಅದು ತಂದೆಯ ಪಾಲಿಗೆ ಬಂತು. ಮೂಗಿನ ಮೇಲೆ ಬಿಸ್ಕತ್ತಿಟ್ಟು ಹಾರಿಸಿ ಹಿಡಿಸುವ ಮುನ್ನ, ಜಾಣೆಯಾಗಿರಬೇಕೆಂದು ಡಾರ್ವಿನ್ನನು ಅದಕ್ಕೆ ಬಲು ಗಂಭೀರವಾಗಿ ಬುದ್ಧಿ ಹೇಳುತ್ತಿದ್ದನಂತೆ. ಊಟದ ಹೊತ್ತಿಗೆ ಯಜಮಾನ ಅತ್ತ ಬಂದರೆ ಪಾಲಿ ಹಸಿವಿನಿಂದ ನಡುಗುವಂತೆ ನಟಿಸುವಳು; ಆತ ಅಯ್ಯೋ ಪಾಪ ಎನ್ನುವನೆಂಬುದು ಅವಳಿಗೆ ಗೊತ್ತು. ಪಯಣದ ಪೆಟ್ಟಿಗೆ ಕಟ್ಟುವುದನ್ನು ಕಂಡರೆ ಮಾತ್ರ ನಿಜವಾಗಿಯೇ ಮಂಕಾಗುವಳು. ಆತ ಊರಿನಿಂದ ಮರಳಿದರೆ ಕೋಣೆಯ ತುಂಬ ಓಡಾಟ, ಕುರ್ಚಿ ಹತ್ತುವುದು, ಇಳಿಯುವುದು. ಆತನೂ ಬಗ್ಗಿ ಅದರ ಮುಖಕ್ಕೆ ಮುಖವೊತ್ತಿ ಮೆಲುದನಿಯಲ್ಲಿ ಮಾತನಾಡಿಸುವನು.

1882ರ ಏಪ್ರಿಲ್ 19ರಂದು ಡಾರ್ವಿನ್ನನು ಕಾಲವಾದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ರಾಷ್ಟ್ರದ ಗೌರವದೊಡನೆ ಸಮಾಧಿಯಾಯಿತು. ಪಾಲಿಯೂ ಆ ದಿನಗಳಲ್ಲೇ ಕಾಯಿಲೆ ಬಿದ್ದು ಉಳಿಯಲಿಲ್ಲ. ಅದನ್ನು ಡೌನ್‌ನ ಮನೆಯ ತೋಟದಲ್ಲಿ, ಸೇಬಿನ ಮರದ ಕೆಳಗೆ ಹೂಳಿದರು.