‘ನಾಳೆ’ ಎಂಬ ಹೆಸರಿನ ಕಲಾವಿದ ಫ್ರೆಡ್ ಕಬೋಟಿ

ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿ, ಮಳೆ ಅಪರೂಪವಾದ ಒಣನೆಲದ ನಡುವೆ, ನೆತ್ತಿ ಮಟ್ಟಸವಾದ ಮೂರು ಕಲ್ಲುಗುಡ್ಡಗಳಿವೆ. ನಮ್ಮ ಕಡೆ ಪದವು ಎನ್ನುತ್ತೇವಲ್ಲ, ಅಂತಹವು. ಈ ಗುಡ್ಡಗಳ ಮೇಲೂ ಅವುಗಳ ಆಸುಪಾಸಿನಲ್ಲೂ ಹೋಪಿ ಜನರ ಹಳ್ಳಿಗಳಿವೆ. ಇವುಗಳಲ್ಲಿ ಓರೈಬಿ ಎಂಬ ಹಳ್ಳಿಗೆ ಸುಮಾರು ಒಂಬೈನೂರು ವರ್ಷಗಳ ಇತಿಹಾಸವಿದೆ. ಹೋಪಿಗಳು ಮುಸುಕಿನ ಜೋಳ ಬೆಳೆದು ಬದುಕಿದವರು. ಸುತ್ತಲೂ ಸಂಖ್ಯೆಯಲ್ಲಿ ಅವರಿಗಿಂತ ಎಷ್ಟೋ ದೊಡ್ಡವರಾದ ನವಾಹೋ ಜನರ ಸೀಮೆ. ಅದರ ನಡುವೆ ದ್ವೀಪದಂತೆ ಹೋಪಿಗಳ ನೆಲ.

ಇಂತಹ ಒಂದು ಸಣ್ಣ ಜನಾಂಗದ ಬಣ್ಣವನ್ನೂ ರೇಖೆಯನ್ನೂ ಲೋಕಕ್ಕೆ ತೋರಿಸಿಕೊಟ್ಟವರು ಚಿತ್ರಕಾರ ಫ್ರೆಡ್ ಕಬೋಟಿ. ಅವರು ಹುಟ್ಟಿದ್ದು 1900ರ ಸುಮಾರಿಗೆ, ಎರಡನೆಯ ಗುಡ್ಡದ ಶುಂಗೋಪವಿ ಎಂಬ ಹಳ್ಳಿಯಲ್ಲಿ. ತಂದೆಯ ತಂದೆ ಅವರನ್ನು ಕಾವೊತಾಯ್ ಎಂದು ಕರೆಯುತ್ತಿದ್ದರು. ಹೋಪಿ ಮಾತಿನಲ್ಲಿ ಅದಕ್ಕೆ ‘ನಾಳೆ’ ಎಂದರ್ಥ. ಶಾಲೆಗೆ ಸೇರಿಸಿದಾಗ ಟೀಚರ ಕಿವಿಗೆ ಆ ಹೆಸರು ಹೇಗೆ ಕೇಳಿಸಿತೋ ಹಾಗೆ ಕಬೋಟಿ ಎಂದು ಪುಸ್ತಕದಲ್ಲಿ ದಾಖಲಾಯಿತು. ಮುಂದೆ ಜೀವನಪರ್ಯಂತ ಅದೇ ಉಳಿಯಿತು.

ಆ ಕಾಲದ ಸರಕಾರಿ ಶಾಲೆಗಳೆಂದರೆ ಹೋಪಿಗಳಿಗೆ ಭಯ. ಮಕ್ಕಳ ಕೂದಲು ಕತ್ತರಿಸಿ, ಮನೆಮಾತು ಬಿಡಿಸಿ, ಇಂಗ್ಲಿಷ್ ಕಲಿಸಿ, ಬಿಳಿಯರ ರೀತಿನೀತಿಗೆ ಒಗ್ಗಿಸುವುದೇ ಸರಕಾರದ ಧೋರಣೆಯಾಗಿತ್ತು. ಶಾಲೆಗೆ ಒಪ್ಪುವವರು, ಒಪ್ಪದವರು ಎಂದು ಊರೇ ಎರಡು ಪಂಗಡವಾಗಿ, 1906ರಲ್ಲಿ ಓರೈಬಿ ಒಡೆಯಿತು. ಹೊರದೂಡಲ್ಪಟ್ಟವರು ಹೊಟೆವಿಲಾ ಎಂಬ ಹೊಸ ಹಳ್ಳಿ ಕಟ್ಟಿಕೊಂಡರು. ಶಾಲೆಯನ್ನು ವಿರೋಧಿಸಿದವರ ಜೊತೆಗೆ ಕಬೋಟಿಯವರ ಕುಟುಂಬವೂ ಇತ್ತು. ಕೊನೆಗೆ ಮತ್ತೆ ಶುಂಗೋಪವಿಗೇ ಬಂದು ನೆಲೆಸಿದರು. ಹುಡುಗ ಮಾತ್ರ ಶಾಲೆ ತಪ್ಪಿಸಿಕೊಂಡು ತಿರುಗುತ್ತಿದ್ದ. ಅದಕ್ಕೇ 1915ರ ಸುಮಾರಿಗೆ ಅವನನ್ನು ದೂರದ ಸಾಂತಾಫೆ ನಗರದ ವಸತಿಶಾಲೆಗೆ ಕಳುಹಿಸಲಾಯಿತು.

ಆದರೆ ಅಲ್ಲಿ ನಡೆದದ್ದೇ ಬೇರೆ. ಶಾಲೆಯ ಮೇಲಧಿಕಾರಿಯಾಗಿ ಬಂದ ಜಾನ್ ಡಿಹಫ್ ಎಂಬವರು ಮಕ್ಕಳ ಮೂಲ ಸಂಸ್ಕೃತಿಯನ್ನು ಅಳಿಸಬೇಕೆಂಬ ನೀತಿಗೆ ಮನಸ್ಸು ಕೊಡಲಿಲ್ಲ. ಅವರ ಪತ್ನಿ ಎಲಿಜಬೆತ್ ಕೆಲವು ಹುಡುಗರನ್ನು ತಮ್ಮ ಮನೆಗೇ ಕರೆಸಿ, ಕಾಗದ ಮತ್ತು ಜಲವರ್ಣ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಬರೆಯಲು ಬಿಟ್ಟರು. ಊರಿನ ನೆನಪಿನಲ್ಲಿ ಕೊರಗುತ್ತಿದ್ದ ಕಬೋಟಿ ಬರೆದದ್ದು ಕಚಿನಾಗಳನ್ನು. ಕಚಿನಾಗಳೆಂದರೆ ಮಳೆ ಬೆಳೆಗಳನ್ನು ಕೊಡುವವೆಂದು ಹೋಪಿಗಳು ನಂಬುವ ಶಕ್ತಿಗಳು. ಮುಖವಾಡ, ಗರಿ, ಬಣ್ಣದ ವಸ್ತ್ರ ತೊಟ್ಟು ಅವುಗಳ ಹೆಸರಿನಲ್ಲಿ ಹಳ್ಳಿಯಂಗಳದಲ್ಲಿ ಕುಣಿಯುತ್ತಾರೆ. ಕುಣಿತದ ಹೆಜ್ಜೆ, ಉಡುಗೆಯ ನೇಯ್ಗೆ, ಗರಿಯ ಬಣ್ಣ ಯಾವುದೂ ತಪ್ಪದಂತೆ ಹುಡುಗ ನೆನಪಿನಿಂದಲೇ ಬರೆದ. ಮೊದಲ ಚಿತ್ರವನ್ನು ಐವತ್ತು ಸೆಂಟಿಗೆ ಕೊಂಡವರು ಅದೇ ಶಾಲೆಯ ಮರಗೆಲಸದ ಮೇಷ್ಟ್ರು. ಮರೆಯಲೆಂದು ಕಳುಹಿಸಿದ ಜಾಗದಲ್ಲೇ ನೆನಪು ಗಟ್ಟಿಯಾಯಿತು. ಆದರೆ ಮಕ್ಕಳಿಗೆ ಹೀಗೆ ಪ್ರೋತ್ಸಾಹ ಕೊಟ್ಟ ತಪ್ಪಿಗೆ ಡಿಹಫ್ ಅವರು ಹುದ್ದೆಯಲ್ಲಿ ಕೆಳಗಿಳಿಯಬೇಕಾಯಿತು.

ಮುಂದೆ ಕಬೋಟಿಯವರು ಸಾಂತಾಫೆಯ ವಸ್ತುಸಂಗ್ರಹಾಲಯದಲ್ಲಿ ಚಿತ್ರ ಬರೆಯುವ, ಪುಸ್ತಕ ಕಟ್ಟುವ ಕೆಲಸಕ್ಕೆ ಸೇರಿದರು. 1922ರಲ್ಲಿ ಹೊರಬಂದ ಎಲಿಜಬೆತ್ ಡಿಹಫ್ ಅವರ ಕಥಾಸಂಗ್ರಹಕ್ಕೆ ಚಿತ್ರಗಳನ್ನು ಬರೆದವರಲ್ಲಿ ಇವರೂ ಒಬ್ಬರು. ಹೋಪಿ ಆಚರಣೆಗಳ ಚಿತ್ರಮಾಲೆಯೊಂದನ್ನು ನ್ಯೂಯಾರ್ಕಿನ ಹೇ ಪ್ರತಿಷ್ಠಾನ ಬರೆಸಿಕೊಂಡಿತು. ಪಟ್ಟಣದಲ್ಲೇ ನಿಂತಿದ್ದರೆ ಹೆಸರಿಗೂ ಸಂಪಾದನೆಗೂ ಕೊರತೆಯಿರಲಿಲ್ಲ. ಆದರೂ 1930ರಲ್ಲಿ ಅವರು ಶುಂಗೋಪವಿಗೆ ಮರಳಿದರು. ಹಿರಿಯರಿಂದ ದೀಕ್ಷೆ ಪಡೆದರು; ಮರುವರ್ಷ ಆಲಿಸ್ ಎಂಬ ಹೋಪಿ ಕನ್ಯೆಯನ್ನು ಮದುವೆಯಾಗಿ ಊರಿನಲ್ಲೇ ಬೇರೂರಿದರು.

ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಂದರದ ಅಂಚಿನಲ್ಲಿ ಶಿಲ್ಪಿ ಮೇರಿ ಕೋಲ್ಟರ್ ಕಟ್ಟಿಸಿದ ಎಪ್ಪತ್ತು ಅಡಿ ಎತ್ತರದ ಕಲ್ಲಿನ ಗೋಪುರವೊಂದಿದೆ. ಅದು 1933ರಲ್ಲಿ ತೆರೆಯಿತು. ಅದರ ಒಳಗೋಡೆಗೆ ಕಬೋಟಿಯವರು ಬರೆದದ್ದು ಹೋಪಿಗಳ ಸರ್ಪಕಥೆಯನ್ನು. ಪೊಳ್ಳು ಮರದ ದಿಮ್ಮಿಯಲ್ಲಿ ಕುಳಿತು ಹೊಳೆಯುದ್ದಕ್ಕೂ ತೇಲಿಹೋದ ತರುಣನೊಬ್ಬ ಸರ್ಪಕುಲದ ಕನ್ಯೆಯನ್ನೂ ಮಳೆ ತರಿಸುವ ವಿದ್ಯೆಯನ್ನೂ ಪಡೆದು ಬಂದ ಕಥೆ ಅದು. 1947-48ರಲ್ಲಿ ಪೇಂಟೆಡ್ ಡೆಸರ್ಟ್ ಇನ್ ಎಂಬ ಪ್ರವಾಸಿ ಬಂಗಲೆಯ ಗೋಡೆಗಳಿಗೆ ಬರೆದ ಚಿತ್ರಗಳಲ್ಲಿ ಉಪ್ಪು ತರಲು ದೂರದ ಕೆರೆಗೆ ಹೋಗುವ ಹೋಪಿಗಳ ಯಾತ್ರೆಯಿದೆ. ಆ ಬಂಗಲೆಯನ್ನು ಕೆಡವುವ ಯೋಚನೆಯೂ ಒಮ್ಮೆ ಬಂದಿತ್ತು, ಪುಣ್ಯಕ್ಕೆ ಉಳಿಯಿತು. 1987ರಲ್ಲಿ ಅದು ರಾಷ್ಟ್ರೀಯ ಸ್ಮಾರಕಗಳ ಸಾಲಿಗೆ ಸೇರಿತು.

1937ರಿಂದ 1959ರವರೆಗೆ ಓರೈಬಿಯ ಪ್ರೌಢಶಾಲೆಯಲ್ಲಿ ಅವರು ಚಿತ್ರಕಲೆಯ ಅಧ್ಯಾಪಕರಾಗಿದ್ದರು. ಬಾಲ್ಯದಲ್ಲಿ ಶಾಲೆಗೆ ಬೆನ್ನುಹಾಕಿದ್ದವರು ಇಪ್ಪತ್ತೆರಡು ವರ್ಷ ಪಾಠ ಹೇಳಿದರು! ಹೋಪಿ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಅಚ್ಚಾದ, ಯುದ್ಧಕ್ಕೆ ಹೊರಟ ಇಲಿಯ ಕಥೆಯ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದವರೂ ಇವರೇ.

ಎರಡನೆಯ ಮಹಾಯುದ್ಧ ಮುಗಿದು ಹೋಪಿ ತರುಣರು ಸೈನ್ಯದಿಂದ ಊರಿಗೆ ಬಂದರು. ಕೈಗೆ ಕೆಲಸವಿಲ್ಲ. ಹೋಪಿಗಳಲ್ಲಿ ಬೆಳ್ಳಿ ಕೆಲಸ ಮಾಡುವವರು ಮೊದಲೂ ಇದ್ದರು. ಆದರೆ ಅವರು ಮಾಡಿದ ಒಡವೆಗೂ ನೆರೆಯ ನವಾಹೋಗಳು ಮಾಡಿದ ಒಡವೆಗೂ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ. ಹೋಪಿಗಳ ಮಡಕೆ, ಬುಟ್ಟಿ, ಬಟ್ಟೆಗಳ ಮೇಲಿನ ವಿನ್ಯಾಸವನ್ನೇ ಬೆಳ್ಳಿಗೂ ತರಬೇಕೆಂದು ಫ್ಲಾಗ್‌ಸ್ಟಾಫ್ ನಗರದ ವಸ್ತುಸಂಗ್ರಹಾಲಯದವರು 1938ರಲ್ಲೇ ಸಲಹೆ ಮಾಡಿದ್ದರು. ಯುದ್ಧ ಬಂದು ಕೆಲಸ ನಿಂತುಹೋಗಿತ್ತು. 1947ರಲ್ಲಿ ಸರಕಾರದ ನೆರವಿನಿಂದ ಮಾಜಿ ಸೈನಿಕರಿಗೆ ತರಗತಿಗಳು ಆರಂಭವಾದವು. ವಿನ್ಯಾಸ ಕಲಿಸಿದವರು ಕಬೋಟಿ, ಕೈಕೆಲಸ ಕಲಿಸಿದವರು ಪಾಲ್ ಸೌಫ್ಕಿ ಎಂಬ ನುರಿತ ಬೆಳ್ಳಿ ಕೆಲಸಗಾರರು.

ಕೆಲಸದ ಕ್ರಮ ಹೀಗೆ: ಬೆಳ್ಳಿಯ ಒಂದು ತಗಡಿನಲ್ಲಿ ಮೋಡ, ಮಳೆ, ಹಕ್ಕಿ, ಕರಡಿಯ ಹೆಜ್ಜೆ ಮುಂತಾದ ಆಕಾರಗಳನ್ನು ಕೂದಲೆಳೆಯಂತಹ ಗರಗಸದಿಂದ ಕೊರೆದು ತೆಗೆಯುತ್ತಾರೆ. ಅದನ್ನು ಇನ್ನೊಂದು ತಗಡಿನ ಮೇಲಿಟ್ಟು ಬೆಸೆಯುತ್ತಾರೆ. ಕೊರೆದ ಜಾಗದ ತಳವನ್ನು ಗಂಧಕದ ದ್ರಾವಣದಿಂದ ಕಪ್ಪಾಗಿಸಿ, ಮೇಲ್ಮೈಗೆ ಹೊಳಪು ಕೊಡುತ್ತಾರೆ. ಬಿಳಿ ಬೆಳ್ಳಿಯ ನಡುವೆ ಕಪ್ಪು ಚಿತ್ರ ಎದ್ದು ಕಾಣುತ್ತದೆ. ಇದಕ್ಕೆ ಹರಳು ಕೂಡ ಬೇಕೆಂದಿಲ್ಲ. ಕಲಿತವರು ಸೇರಿ 1949ರಲ್ಲಿ ಬೆಳ್ಳಿ ಕೆಲಸದ ಸಹಕಾರಿ ಸಂಘವನ್ನೂ ಕಟ್ಟಿದರು. ನೂರಾರು ಒಡವೆಗಳ ನಡುವೆ ಇದು ಹೋಪಿಗಳದ್ದು ಎಂದು ಗುರುತಿಸಬಹುದಾದ ಶೈಲಿ ಹೀಗೆ ಬೇರೂರಿತು. ಊರು ಬಿಡದೆ ಬದುಕುವ ದಾರಿಯೂ ಕೆಲವರಿಗೆ ಸಿಕ್ಕಿತು.

ಕಬೋಟಿಯವರಿಗೆ 1945ರಲ್ಲಿ ಗುಗೆನ್‌ಹೈಮ್ ಫೆಲೋಷಿಪ್ ದೊರೆಯಿತು. ಪ್ರಾಚೀನ ಮಿಂಬ್ರೆಸ್ ಜನರ ಮಡಕೆಗಳ ಚಿತ್ರಗಳನ್ನು ಹೋಪಿ ದೃಷ್ಟಿಯಿಂದ ವಿವರಿಸುವ ಅವರ ಗ್ರಂಥ 1949ರಲ್ಲಿ ಹೊರಬಂದಿತು. 1954ರಲ್ಲಿ ಫ್ರಾನ್ಸ್ ಸರಕಾರ ಗೌರವಿಸಿತು. ಓದುಗರಿಗೆ ಕುತೂಹಲವೆನಿಸಬಹುದಾದ ಸಂಗತಿಯೊಂದಿದೆ. 1960ರಲ್ಲಿ ದೆಹಲಿಯ ವಿಶ್ವ ಕೃಷಿ ಮೇಳಕ್ಕೆ ಅಮೆರಿಕದ ಸೌಹಾರ್ದ ಪ್ರತಿನಿಧಿಯಾಗಿ ಬಂದವರಲ್ಲಿ ಕಬೋಟಿಯವರೂ ಇದ್ದರು. ಇಂಡಿಯವನ್ನು ಹುಡುಕಿ ಹೊರಟು ದಾರಿ ತಪ್ಪಿದ ನಾವಿಕರು ಯಾರನ್ನು ಇಂಡಿಯನ್ನರೆಂದು ಕರೆದರೋ ಅವರಲ್ಲೊಬ್ಬರು ನಿಜವಾದ ಇಂಡಿಯಕ್ಕೆ ಬಂದುಹೋದರು.

1986ರ ಫೆಬ್ರವರಿ 28ರಂದು ಅವರು ತೀರಿಕೊಂಡರು. ಮಗ ಮೈಕೆಲ್ ಕಬೋಟಿ ತಂದೆಯ ಹಾದಿಯಲ್ಲೇ ಚಿತ್ರವನ್ನೂ ಬೆಳ್ಳಿಯನ್ನೂ ಹಿಡಿದು, 2009ರಲ್ಲಿ ಕಣ್ಮುಚ್ಚುವವರೆಗೂ ದುಡಿದರು. ಟೀಚರೊಬ್ಬರು ಕೇಳಿದಂತೆ ಗೀಚಿದ್ದ ಹೆಸರನ್ನೇ ಇಬ್ಬರೂ ಲೋಕಕ್ಕೆ ಪರಿಚಿತಗೊಳಿಸಿದರು. ಕಾಗುಣಿತ ತಪ್ಪಿದರೂ ಅದರ ಅರ್ಥ ಮಾತ್ರ ‘ನಾಳೆ’ಯಾಗಿಯೇ ಉಳಿದಿದೆ.