ರಜತವಾಣಿಯ ಉಪಾಧ್ಯಾಯರು: ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು

ತಂಜಾವೂರು ಸೀಮೆಯ ಕುಂಭಕೋಣದ ಸಮೀಪದಲ್ಲಿ ವಲಂಗೈಮಾನ್ ಎಂಬುದೊಂದು ಗ್ರಾಮ. ಅಲ್ಲಿನ ಬಡ ಪುರೋಹಿತರ ಮನೆತನವೊಂದರಲ್ಲಿ 1869ನೆಯ ಇಸವಿ ಸೆಪ್ಟೆಂಬರ್ 22ರಂದು ಶ್ರೀನಿವಾಸ ಶಾಸ್ತ್ರಿಗಳು ಜನಿಸಿದರು. ಮನೆಮಾತು ತಮಿಳು, ವಂಶಪರಂಪರೆಯಿಂದ ಬಂದ ವಿದ್ಯೆ ಸಂಸ್ಕೃತ. ಇಂಗ್ಲಿಷಾದರೋ ಶಾಲೆಯಲ್ಲಿ ಅಕ್ಷರದಿಂದ ಮೊದಲುಮಾಡಿ ಸಂಪಾದಿಸಿಕೊಳ್ಳಬೇಕಾಗಿದ್ದ ಭಾಷೆ. ಹಾಗೆ ಸಂಪಾದಿಸಿದ ಭಾಷೆಯಲ್ಲಿ ಅವರು ಲಂಡನ್, ಜಿನೀವಾ, ವಾಷಿಂಗ್ಟನ್ ನಗರಗಳ ಮಹಾಸಭೆಗಳಲ್ಲಿ ಮಾತನಾಡಿದರು. ಬೆಳ್ಳಿಯ ನಾಲಗೆಯ ವಾಗ್ಮಿ ಎಂಬ ಬಿರುದು ಅವರ ಹೆಸರಿನೊಡನೆ ಶಾಶ್ವತವಾಗಿ ಸೇರಿಹೋಯಿತು.

ಇಂಥ ಖ್ಯಾತಿಯನ್ನು ಕೇಳಿದವರು ಶಾಸ್ತ್ರಿಗಳು ಎಳೆಯ ವಯಸ್ಸಿನಲ್ಲಿಯೇ ವಿಲಾಯತಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಕಲಿತಿರಬೇಕೆಂದು ಭಾವಿಸುವುದು ಸಹಜ. ವಾಸ್ತವ ಹಾಗಿಲ್ಲ. ಅವರ ವಿದ್ಯಾಭ್ಯಾಸವೆಲ್ಲ ಕುಂಭಕೋಣದಲ್ಲಿ ನಡೆಯಿತು. ಅಲ್ಲಿನ ಸರ್ಕಾರಿ ಕಾಲೇಜಿನಿಂದ ಅವರು ಪದವೀಧರರಾಗಿ ಹೊರಬಂದರು. ಸುಧಾರಣೆಯ ಮಸೂದೆಯ ಸಂಬಂಧವಾಗಿ ಮಿತವಾದಿಗಳ ನಿಯೋಗದೊಡನೆ ಅವರು ಇಂಗ್ಲೆಂಡಿಗೆ ಹೋದದ್ದು 1919ರಲ್ಲಿ; ಆಗ ಅವರ ವಯಸ್ಸು ಐವತ್ತರ ಅಂಚಿನಲ್ಲಿತ್ತು. ಅಷ್ಟರೊಳಗೆ ಅವರ ಭಾಷೆ ಪಕ್ವವಾಗಿತ್ತು. ಅದನ್ನು ಪಕ್ವಗೊಳಿಸಿದ್ದು ಕಾವೇರಿಯ ಬಯಲಿನ ಪಾಠಶಾಲೆಗಳು ಮತ್ತು ಮದರಾಸಿನ ಒಂದು ಪ್ರೌಢಶಾಲೆ.

ಮಾಯಾವರದಲ್ಲಿ ಉಪಾಧ್ಯಾಯ ವೃತ್ತಿಯನ್ನು ಆರಂಭಿಸಿ, ಸೇಲಂ ಕಾಲೇಜಿನಲ್ಲಿ ಕೆಲಕಾಲ ಬೋಧಿಸಿ, ಅನಂತರ ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ಎಂಟು ವರ್ಷ ಸೇವೆ ಸಲ್ಲಿಸಿದರು. ವ್ಯಾಕರಣದಲ್ಲಿಯೂ ಉಚ್ಚಾರಣೆಯಲ್ಲಿಯೂ ಶಾಸ್ತ್ರಿಗಳು ಬಹಳ ಕಟ್ಟುನಿಟ್ಟಿನವರು. ಒಂದು ಪದದ ಅರ್ಥದಲ್ಲಾಗಲಿ, ಅದನ್ನು ನುಡಿಯುವ ಬಗೆಯಲ್ಲಾಗಲಿ ಸಂದೇಹ ಬಂದರೆ ಊಹೆಯಿಂದ ಮುಂದುವರಿಯುವವರಲ್ಲ. ನಿಘಂಟನ್ನು ತೆರೆದು ನೋಡಿ ನಿಶ್ಚಯಿಸಿಕೊಳ್ಳುವವರು. ಪಂಡಿತನೆನಿಸಿಕೊಂಡ ಮೇಲೆ ನಿಘಂಟನ್ನು ಮುಟ್ಟುವುದು ಗೌರವಕ್ಕೆ ಕುಂದೆಂಬ ಭಾವನೆ ನಮ್ಮಲ್ಲಿ ಇಲ್ಲದಿಲ್ಲ. ಶಾಸ್ತ್ರಿಗಳು ಕೀರ್ತಿಶಿಖರಕ್ಕೇರಿದ ಮೇಲೆಯೂ ಆ ಅಭ್ಯಾಸವನ್ನು ಬಿಡಲಿಲ್ಲ.

ಈ ಸಾಧನೆಯ ಕಷ್ಟವನ್ನು ಅಧ್ಯಾಪಕರು ಬಲ್ಲರು. ದ್ರಾವಿಡ ಭಾಷೆಗಳನ್ನಾಡುವವರ ನಾಲಗೆಗೆ ತನ್ನದೇ ಆದ ಕೆಲವು ಚಾಳಿಗಳಿವೆ. ಪದದ ಮೊದಲಲ್ಲಿ ಎಕಾರ ಬಂದರೆ ಅದಕ್ಕೊಂದು ಯಕಾರವೂ, ಒಕಾರ ಬಂದರೆ ಒಂದು ವಕಾರವೂ ತಾವಾಗಿ ಅಂಟಿಕೊಳ್ಳುತ್ತವೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರದ ಬಾಲ ಬೆಳೆಯುತ್ತದೆ. ಬಸ್ಸು, ಕಾರು, ಬ್ಯಾಂಕು ಎಂದು ನಾವು ನುಡಿಯುವುದು ಹೀಗೆಯೇ. ಇವು ಕನ್ನಡದಲ್ಲಿ ದೋಷಗಳಲ್ಲ, ಇಂಗ್ಲಿಷಿಗೆ ಮಾತ್ರ ಒಗ್ಗವು. ಇದಕ್ಕಿಂತ ಮಿಗಿಲಾದ ತೊಡಕು ಒತ್ತಿನದು. ನಮ್ಮ ಭಾಷೆಗಳಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾದ ಬಲದಿಂದ ಹೊರಡುತ್ತವೆ. ಹ್ರಸ್ವ ದೀರ್ಘಗಳ ಲೆಕ್ಕವೇ ನಮಗೆ ಮುಖ್ಯ. ಇಂಗ್ಲಿಷಿನಲ್ಲಾದರೋ ಪದದ ಒಂದು ಭಾಗ ಏರಿ ನಿಲ್ಲಬೇಕು, ಉಳಿದ ಸ್ವರಗಳು ಅಡಗಬೇಕು. ಬರಹವನ್ನು ನೋಡಿ ಇದನ್ನು ತಿಳಿಯಲಾಗದು. ಬರೆದಂತೆ ಓದುವ ಲಿಪಿಗಳಲ್ಲಿ ಬೆಳೆದವನು ಇಂಗ್ಲಿಷಿನ ಪ್ರತಿಯೊಂದು ಪದವನ್ನೂ ಎರಡು ಬಾರಿ ಕಲಿಯಬೇಕು: ಕಣ್ಣಿಗೊಮ್ಮೆ, ಕಿವಿಗೊಮ್ಮೆ.

ಶಾಸ್ತ್ರಿಗಳ ಭಾಷಣಗಳಲ್ಲಿ ಆರ್ಭಟವಿರಲಿಲ್ಲ, ಅಬ್ಬರದ ಅಂಗಾಭಿನಯವಿರಲಿಲ್ಲ. ಮಧುರವಾದ ಕಂಠ, ಸ್ಪಷ್ಟವಾದ ಅಕ್ಷರ, ಅರ್ಥಕ್ಕೆ ತಕ್ಕ ಪದ, ಪದಕ್ಕೆ ತಕ್ಕ ವಿರಾಮ, ಇವೇ ಅವರ ಬಂಡವಾಳ. 1907ರಲ್ಲಿ ಅವರು ಗೋಪಾಲಕೃಷ್ಣ ಗೋಖಲೆಯವರ ಭಾರತ ಸೇವಕ ಸಂಘವನ್ನು ಸೇರಿ, 1915ರಲ್ಲಿ ಗೋಖಲೆಯವರು ಗತಿಸಿದ ಮೇಲೆ ಅದರ ಅಧ್ಯಕ್ಷರಾದರು. 1919ರಲ್ಲಿ ಶಾಸನಸಭೆಯಲ್ಲಿ ರೌಲತ್ ಮಸೂದೆಯನ್ನು ವಿರೋಧಿಸಿ ಅವರು ಮಾಡಿದ ಭಾಷಣದಿಂದ ಉಪಾಧ್ಯಾಯರ ವಾಣಿ ದೇಶಕ್ಕೆಲ್ಲ ಪರಿಚಿತವಾಯಿತು. ಮಸೂದೆಯೇನೋ ಶಾಸನವಾಗಿಯೇ ಆಯಿತು.

1921ರಲ್ಲಿ ಲಂಡನ್ನಿನ ಸಾಮ್ರಾಜ್ಯ ಸಮ್ಮೇಳನದಲ್ಲಿ ಅವರು ಭಾರತದ ಪ್ರತಿನಿಧಿಗಳಲ್ಲೊಬ್ಬರು. ಅನ್ಯ ವಸಾಹತುಗಳಲ್ಲಿ ನೆಲೆಸಿದ ಭಾರತೀಯರಿಗೆ ಪೌರತ್ವದ ಹಕ್ಕುಗಳು ದೊರೆಯಬೇಕೆಂಬ ನಿರ್ಣಯ ಅಲ್ಲಿ ಅಂಗೀಕೃತವಾಯಿತು. ದಕ್ಷಿಣ ಆಫ್ರಿಕೆ ಮಾತ್ರ ಒಪ್ಪಲಿಲ್ಲ. ಅದೇ ವರ್ಷ ಪ್ರಿವಿ ಕೌನ್ಸಿಲಿನ ಸದಸ್ಯತ್ವವೂ ಅದರೊಡನೆ ರೈಟ್ ಆನರಬಲ್ ಎಂಬ ಗೌರವವೂ ಬಂದವು. ಮರುವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ದೇಶಗಳಲ್ಲಿ ಸಂಚರಿಸಿ ಅವರು ಊರೂರಿನಲ್ಲಿ ಉಪನ್ಯಾಸಗಳನ್ನಿತ್ತರು. ಕೇಳಿದವರು ತಲೆದೂಗಿದರು. ಆದರೆ 1923ರಲ್ಲಿ ಕೀನ್ಯಾದ ಪ್ರಶ್ನೆ ಬಂದಾಗ ಬ್ರಿಟಿಷ್ ಸರ್ಕಾರ ಅಲ್ಲಿನ ಎತ್ತರದ ಫಲವತ್ತಾದ ಭೂಮಿಯನ್ನು ಬಿಳಿಯರಿಗೇ ಮೀಸಲಾಗಿ ಉಳಿಸಿ, ಭಾರತೀಯರಿಗೆ ಸಮಾನ ಮತದಾನವನ್ನು ನಿರಾಕರಿಸಿತು. ಲಂಡನ್ನಿಗೆ ಹೋಗಿ ವಾದಿಸಿದ್ದ ಶಾಸ್ತ್ರಿಗಳು ಬಹುವಾಗಿ ನೊಂದರು. ಅವರ ಭಾಷೆಯನ್ನು ಮೆಚ್ಚಿದವರೆಲ್ಲ ಅವರ ಬೇಡಿಕೆಯನ್ನು ಮನ್ನಿಸಿದವರಲ್ಲ. ಸ್ವದೇಶದಲ್ಲಿಯೂ ಅವರ ಪಾಡು ಸುಲಭವಾಗಿರಲಿಲ್ಲ. ಅಸಹಕಾರ ಚಳವಳಿಯನ್ನು ಒಪ್ಪದ ಕಾರಣ, ಆ ಬೆಳ್ಳಿಯ ನಾಲಗೆ ಸರ್ಕಾರಕ್ಕೆ ಅನುಕೂಲವಾಗಿ ನುಡಿಯುತ್ತದೆಂಬ ನಿಂದೆಯನ್ನು ಅವರು ಕೇಳಬೇಕಾಯಿತು. ಆ ನಿಂದೆಯಲ್ಲಿ ಅನ್ಯಾಯದ ಪಾಲೇ ಹೆಚ್ಚು; ತಮಗೆ ಸರಿತೋರಿದ್ದನ್ನು ಎರಡು ಪಕ್ಷದವರ ಮುಂದೆಯೂ ಒಂದೇ ಬಗೆಯಲ್ಲಿ ಹೇಳಿದವರು ಅವರು.

1927ರಿಂದ 1929ರ ವರೆಗೆ ದಕ್ಷಿಣ ಆಫ್ರಿಕೆಯಲ್ಲಿ ಭಾರತ ಸರ್ಕಾರದ ಪ್ರಥಮ ಏಜೆಂಟರಾಗಿದ್ದ ಕಾಲ ಅವರ ಜೀವಿತದಲ್ಲಿ ಅತ್ಯಂತ ಫಲಪ್ರದವಾದುದೆನ್ನಬಹುದು. ಭಾರತೀಯರೆಂದರೆ ಕೂಲಿಗಳೆಂದು ಹೀಯಾಳಿಸುತ್ತಿದ್ದ ನಾಡಿನಲ್ಲಿ ಬಿಳಿಯರ ಸಭೆಗಳಲ್ಲಿ ನಿಂತು, ಆ ಸಭಿಕರು ಸಹ ತಪ್ಪು ಹುಡುಕಲಾಗದ ಇಂಗ್ಲಿಷಿನಲ್ಲಿ ಅವರು ನ್ಯಾಯವನ್ನು ಕೇಳಿದರು. ಕ್ಲರ್ಕ್ಸ್‌ಡಾರ್ಪ್ ಎಂಬ ಪಟ್ಟಣದಲ್ಲಿ ದುಷ್ಕರ್ಮಿಗಳ ಗುಂಪು ಸಭೆಯನ್ನೇ ಕೆಡಿಸಿತು, ಶಾಸ್ತ್ರಿಗಳು ಸಹನೆಗೆಡಲಿಲ್ಲ. ಸಭೆಗಳ ಕರತಾಡನ ಅಲ್ಲಲ್ಲಿಯೇ ಅಡಗಿತು. ಉಳಿದದ್ದು ಒಂದು ಶಾಲೆ. ನಟಾಲಿನ ಭಾರತೀಯ ಮಕ್ಕಳಿಗೆ ಪ್ರೌಢ ವಿದ್ಯಾಭ್ಯಾಸ ದುರ್ಲಭವಾಗಿದ್ದುದನ್ನು ಕಂಡು, ಪ್ರೌಢಶಾಲೆಯೂ ಉಪಾಧ್ಯಾಯರ ತರಬೇತಿಯೂ ಒಂದೆಡೆ ನಡೆಯುವ ವಿದ್ಯಾಲಯಕ್ಕಾಗಿ ಅವರು ಅಲ್ಲಿನ ಭಾರತೀಯರಿಂದ ಹಣ ಕೂಡಿಸಿದರು. ಡರ್ಬನ್ನಿನಲ್ಲಿ 1929ರಲ್ಲಿ ತೆರೆದ ಆ ವಿದ್ಯಾಲಯಕ್ಕೆ ಶಾಸ್ತ್ರಿ ಕಾಲೇಜೆಂದೇ ಹೆಸರಾಯಿತು.

ಗಾಂಧೀಜಿಗಿಂತ ಶಾಸ್ತ್ರಿಗಳು ಹತ್ತು ದಿನಗಳಿಗೆ ಹಿರಿಯರು. ಇಬ್ಬರಿಗೂ ಗೋಖಲೆಯವರೇ ಗುರುಗಳು. ರಾಜಕೀಯದಲ್ಲಿ ಮಾತ್ರ ದಾರಿಗಳು ಬೇರೆ. ಗಾಂಧೀಜಿಯವರ ಆತ್ಮಕಥೆಯ ಇಂಗ್ಲಿಷ್ ಅನುವಾದ 1940ರಲ್ಲಿ ಎರಡನೆಯ ಮುದ್ರಣವಾಗಿ ಬಂದಾಗ, ಅದರ ಭಾಷೆಯನ್ನು ಆದ್ಯಂತವಾಗಿ ತಿದ್ದಿಕೊಟ್ಟವರು ಶಾಸ್ತ್ರಿಗಳೇ. ತಮ್ಮ ಹೆಸರು ಅಲ್ಲಿ ಕಾಣಬಾರದೆಂಬುದೊಂದೇ ಅವರು ವಿಧಿಸಿದ ನಿಬಂಧನೆ. ಕನ್ನಡಿಗರಲ್ಲಿ ಡಿ.ವಿ.ಜಿ.ಯವರು ಅವರ ಸ್ನೇಹವನ್ನು ಪಡೆದವರು.

1935ರಿಂದ 1940ರ ವರೆಗೆ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಶಾಸ್ತ್ರಿಗಳನ್ನು ಮದರಾಸು ಸರ್ಕಾರ 1940ರಲ್ಲಿ, ದೇಶಭಾಷೆಗಳಲ್ಲಿ ವೈಜ್ಞಾನಿಕ ಪದಗಳನ್ನು ರೂಪಿಸುವ ತತ್ತ್ವಗಳನ್ನು ಸೂಚಿಸಲು ರಚಿಸಿದ ಸಮಿತಿಗೆ ಅಧ್ಯಕ್ಷರನ್ನಾಗಿ ನಿಯಮಿಸಿತು. ಇಂಗ್ಲಿಷಿನ ಪ್ರಭುಗಳೆನಿಸಿದವರಿಗೆ ಮಾತೃಭಾಷೆಯ ಕಾರ್ಯ ಹೀಗೆ ತಡವಾಗಿ ಒದಗಿಬಂದಿತು. ಸಮಿತಿಯಲ್ಲಿ ಸಂಸ್ಕೃತದ ಪಕ್ಷಪಾತಿಗಳೇ ಹೆಚ್ಚೆಂದು ತಮಿಳು ಅಭಿಮಾನಿಗಳಿಂದ ಆಕ್ಷೇಪಣೆಯೂ ಬಂದಿತು. 1944ರಲ್ಲಿ ಮದರಾಸಿನಲ್ಲಿ ಅವರು ವಾಲ್ಮೀಕಿ ರಾಮಾಯಣವನ್ನು ಕುರಿತು ಇಂಗ್ಲಿಷಿನಲ್ಲಿ ಉಪನ್ಯಾಸಮಾಲೆಯನ್ನು ನಡೆಸಿದರು. ಪುರೋಹಿತರ ಮನೆಯ ವಿದ್ಯೆಯೂ ಶಾಲೆಯಲ್ಲಿ ದುಡಿದು ಪಡೆದ ವಿದ್ಯೆಯೂ ಅಲ್ಲಿ ಒಂದೇ ವೇದಿಕೆಯಲ್ಲಿ ಕೂಡಿದವು.

1946ರ ಜನವರಿಯಲ್ಲಿ ಶಾಸ್ತ್ರಿಗಳು ಮದರಾಸಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಾಂಧೀಜಿ ಅವರನ್ನು ಕಾಣಲು ಬಂದರು. ಅದೇ ವರ್ಷ ಏಪ್ರಿಲ್ 17ರಂದು ಅವರು ಕಾಲವಶರಾದರು.